ತುಕ್ಕು ಗೇಟಿನ ಮನೆ

"ನಿಮ್ಮ ಮನೆಗೆ ನಂಬರೇ ಇಲ್ವಾ?" ಎಂದು ಅಮೆರಿಕದ ಬ್ಯಾಂಕಿನವನು ಫೋನಿನಲ್ಲಿ ಕೇಳಿದಾಗ ಎವೆಲಿಯೊಗೆ ನಿಜಕ್ಕೂ ಆಶ್ಚರ್ಯವಾಯಿತು. ಅವನ ಊರಾದ ಸಾರ್ಚಿಯಲ್ಲಿ ಯಾರ ಮನೆಗೆ ನಂಬರಿತ್ತು? ಅಪ್ಪನ ಕಾಲದಿಂದಲೂ ಅವನ ವಿಳಾಸ ಒಂದೇ: ಮುಚ್ಚಿಹೋದ ಬೇಕರಿಯಿಂದ ನೂರು ಮೀಟರ್ ದಕ್ಷಿಣಕ್ಕೆ, ತುಕ್ಕು ಗೇಟಿನ ಮನೆ.

"ಬೀದಿ ಹೆಸರು, ಮನೆ ನಂಬರು ಮಧ್ಯಾಹ್ನ ವಿಡಿಯೊದಲ್ಲಿ ತೋರಿಸಿ. ಇಲ್ಲಾಂದ್ರೆ ಸಂಜೆ ಖಾತೆ ಮುಚ್ತೀವಿ."

ಎವೆಲಿಯೊ ಅಳುಮುಖ ಮಾಡಿಕೊಂಡು ಬೀದಿಗೆ ಓಡಿ ಎಲ್ಲರಿಗೂ ವಿಷಯ ಹೇಳಿದ. ಬೀದಿಯವರೆಲ್ಲ ಬಣ್ಣ ಬಳಿಯುವ ಪುಟ್ಟ ಮರದ ಎತ್ತಿನಗಾಡಿಗಳನ್ನು ಮಾರಲು, ತಾನು ಕಾಲಿಡದ ಅಮೆರಿಕದಲ್ಲಿ ಅವನೊಂದು ಕಂಪನಿ ತೆರೆದಿದ್ದ. ಅಲ್ಲಿನ ತೆರಿಗೆ ಇಲಾಖೆಗೆ ಫೋನು ಹಚ್ಚಿ ಕಾದೂ ಕಾದೂ ಅವರು ನುಡಿಸುವ ಸಂಗೀತ ಬಾಯಿಪಾಠವಾಗಿತ್ತು. ಕಂಪನಿಯ ತೆರಿಗೆ ನಂಬರಿನ ಕಾಗದ ಮಾತ್ರ ಇನ್ನೂ ಅಂಚೆಯಲ್ಲೇ ಇತ್ತು. ಈಗ ಖಾತೆಯೂ ಹೋದರೆ ಇಡೀ ಬೀದಿಯ ಕ್ರಿಸ್‌ಮಸ್ ಹೋದಂತೆ.

"ಅದಕ್ಯಾಕೋ ಅಳ್ತೀಯ? ನಮ್ಮ ಕೈಲಿ ಬ್ರಷ್ ಇಲ್ವಾ?" ಎಂದರು ಪಕ್ಕದ ಮನೆಯ ಅಜ್ಜಿ ಡೋನ್ಯಾ ಒರ್ತೆನ್ಸಿಯಾ.

ಎದುರು ಮನೆಯ ಡೋನ್ ರಿಗೊ ಪುರಸಭೆಗೆ ಓಡಿದರು. ನಕ್ಷೆಯಲ್ಲಿ ಹೆಸರೂ ಇತ್ತು, ನಂಬರೂ ಇತ್ತು, ಇಷ್ಟು ವರ್ಷ ಯಾರೂ ನೋಡಿರಲಿಲ್ಲ ಅಷ್ಟೆ. ಸೀಬೆಮರದ ಬೀದಿ, ಹನ್ನೆರಡು. ಬೀದಿಯಲ್ಲಿ ಸೀಬೆಮರ ಮಾತ್ರ ಇರಲಿಲ್ಲ.

"ತುಕ್ಕಿನ ಮೇಲೆ ನಂಬರು ಬರೆಯೋದಾ? ನಮ್ಮ ಕೈಗೇ ಅವಮಾನ" ಎಂದು ಅಜ್ಜಿ ಗೇಟು ಉಜ್ಜಿಸಿದರು. ಕಿತ್ತಳೆ ಬಣ್ಣ ಬಿತ್ತು, ಮೇಲೆ ಗಾಡಿಚಕ್ರದ ಹೂಬಳ್ಳಿಗಳು ಹಬ್ಬಿದವು. ಸಹಾಯಕ್ಕೆಂದು ತಲೆ ಹಾಕಿದ ಎವೆಲಿಯೊನ ಮೂಗೂ ಕಿತ್ತಳೆಯಾಯಿತು.

"ಬ್ಯಾಂಕಿನವರು ಗುಟ್ಟಾಗಿ ಆಳು ಕಳಿಸಿದ್ರೂ ಕಳಿಸ್ಬಹುದು. ಯಾರಾದ್ರೂ ಕೇಳಿದ್ರೆ ಹೊಸ ವಿಳಾಸಾನೇ ಹೇಳ್ಬೇಕು, ತಿಳೀತಾ?" ಎಂದರು ರಿಗೊ.

ಅಂದುಕೊಂಡಂತೆಯೇ ಹೆಲ್ಮೆಟ್ಟಿನ ಅಪರಿಚಿತನೊಬ್ಬ ಬೈಕು ನಿಲ್ಲಿಸಿ, "ಅಣ್ಣಾ, ಬೇಕರಿ ಹತ್ರ ತುಕ್ಕು ಗೇಟಿನ ಮನೆ ಯಾವುದು?" ಎಂದ.

ಎವೆಲಿಯೊ ಎದೆ ಸೆಟೆಸಿದ. "ಅಂಥ ಮನೆ ಇಲ್ಲಿಲ್ಲ. ಯಾವತ್ತೂ ಇರ್ಲಿಲ್ಲ. ಇದು ಸೀಬೆಮರದ ಬೀದಿ, ಹನ್ನೆರಡು!"

ಅವನು ಹೆಲ್ಮೆಟ್ಟಿನ ಮೇಲೇ ತಲೆ ಕೆರೆದುಕೊಂಡು ಹೋದ. ರಿಗೊ ಬೆನ್ನು ತಟ್ಟಿದರು.

ಮಧ್ಯಾಹ್ನ ವಿಡಿಯೊದಲ್ಲಿ ಗೇಟು ಕಂಡ ಬ್ಯಾಂಕಿನವನೇ "ಆಹಾ!" ಎಂದ. ಬೀದಿಗೆ ಬೀದಿಯೇ ಕುಣಿಯಿತು. ಅಜ್ಜಿ ಎಲ್ಲರಿಗೂ ಬಿಸಿ ಬೆಲ್ಲದ ನೀರು ಹಂಚಿದರು. ಇಂಥ ನೆರೆಹೊರೆ ಇನ್ನೆಲ್ಲಿ ಸಿಕ್ಕೀತು ಎಂದು ಎವೆಲಿಯೊನ ಕಣ್ಣು ತುಂಬಿತು.

"ವಿಳಾಸ ಸರಿಯಾಯ್ತು. ಇನ್ನು ಆ ತೆರಿಗೆ ನಂಬರಿನ ಕಾಗದ ತೋರಿಸಿಬಿಡಿ, ಸಂಜೆಯೊಳಗೆ" ಎಂದ ಇನ್ನೂ ವಿಡಿಯೊದಲ್ಲೇ ಇದ್ದ ಬ್ಯಾಂಕಿನವನು.

ರಿಗೊ ಕೂಡಲೇ ಅಂಚೆ ಕಚೇರಿಗೆ ಫೋನು ಹಚ್ಚಿದರು. ಹಳೆಯ ಅಂಚೆಯವನು ನಿವೃತ್ತನಾಗಿದ್ದ; ಹೊಸಬನ ದನಿ ಎಲ್ಲರಿಗೂ ಕೇಳಿಸಿತು.

"ಅಮೆರಿಕದ ಕಾಗದಾನಾ? ಬೆಳಿಗ್ಗೆ ತಂದಿದ್ದೆ ಸ್ವಾಮಿ. ತುಕ್ಕು ಗೇಟಿನ ಮನೆ ಇಲ್ಲವೇ ಇಲ್ಲ ಅಂದ್ರು. ವಾಪಸ್ ಚೀಲಕ್ಕೆ ಹಾಕ್ದೆ. ಚೀಲ ಆಗ್ಲೇ ವಿಮಾನ ಹತ್ತಾಯ್ತು."

"ಯಾವನಯ್ಯಾ ಹಾಗಂದ ಕತ್ತೆ?"

"ಹೆಸರು ಗೊತ್ತಿಲ್ಲ. ಮೂಗು ಮಾತ್ರ ಕಿತ್ತಳೆ ಬಣ್ಣಕ್ಕಿತ್ತು."

ಇಡೀ ಬೀದಿ ಎವೆಲಿಯೊನತ್ತ ತಿರುಗಿತು. ಯಾರೂ ಬೈಯಲಿಲ್ಲ. ಅಜ್ಜಿ ತಮ್ಮ ಏಪ್ರನ್ನಿನ ತುದಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, "ಬಾರೋ ಮಗಾ" ಎಂದು ಅವನ ಮೂಗು ಒರೆಸತೊಡಗಿದರು.

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ, ಅಜ್ಜಿ" ಎಂದ ಎವೆಲಿಯೊ, ಮೂಗಿನಲ್ಲೇ.