ಜೊಲ್ಲು ಕೊಡಲು ಕೊಪ್ಪಳಕ್ಕೆ ಹೋದದ್ದು

ಕಳೆದ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ, ಕೊಪ್ಪಳದ ಆಸ್ಪತ್ರೆಯೊಂದರಲ್ಲಿ ನನ್ನ ಜೊಲ್ಲನ್ನು ತಿರಸ್ಕರಿಸಲಾಯಿತು.

ಹಿನ್ನೆಲೆ ಹೀಗಿದೆ. ಎಡಗಲ್ಲದ ಒಳಗೆ ಬಿಳಿ ಕಲೆಯೊಂದು ಕಾಣಿಸಿಕೊಂಡಿತ್ತು, ಖಾರ ತಾಗಿದರೆ ಉರಿಯುತ್ತಿತ್ತು. ಕುಷ್ಟಗಿಯಿಂದ ಪತ್ರಿಕೆಗೆ ಊರಿನ ಸುದ್ದಿಯನ್ನೆಲ್ಲ ಬರೆಯುವ ನಾನು ಈ ಒಂದು ಸುದ್ದಿಯನ್ನು ಮಾತ್ರ ತಡೆಹಿಡಿದಿದ್ದೆ. ಹೆಂಡತಿ ಗಿರಿಜಾ ಪತ್ತೆ ಹಚ್ಚಿದಳು.

"ಮಿರ್ಚಿ ಭಜಿ ಬ್ಯಾಡ ಅನ್ನೂ ಗಂಡಸು ಈ ಜಿಲ್ಲಾದಾಗ ಅದಾನೇನ್ರಿ? ತಗೀರಿ ಬಾಯಿ!"

ತೆಗೆದೆ. ನೋಡಿದವಳ ಮುಖವೂ ಬಿಳಿಯಾಯಿತು.

ಧೈರ್ಯ ಹೇಳುವ ಹೊಣೆ ನನ್ನ ಮೇಲೆ ಬಿತ್ತು. ಬಾಯಿ ಕ್ಯಾನ್ಸರ್ ಶುರುವಿನಲ್ಲಿರುವಾಗಲೇ ಜೊಲ್ಲಿನಲ್ಲಿ ಕೆಲವು ಪ್ರೋಟೀನುಗಳು ಏರುಪೇರಾಗುತ್ತವೆಂದೂ, ಅವನ್ನು ಹುಡುಕುವ ಅಧ್ಯಯನ ಕೊಪ್ಪಳದಲ್ಲಿ ನಡೆದಿದೆಯೆಂದೂ ಅಧಿಕೃತವಾಗಿ ತಿಳಿಸಿದೆ. ಗಿರಿಜಾಳ ಕಿವಿಗೆ ಬಿದ್ದದ್ದು ಒಂದೇ ಶಬ್ದ.

"ಪ್ರೋಟೀನ್ ಕಡಿಮಿ ಬಂದ್ರ ಮಂದಿ ನನಗ ಅಂತಾರ್ರಿ, ಗಂಡಗ ಉಣಿಸಿಲ್ಲ ಅಂತ!"

ಅಂದಿನಿಂದ ಹೊತ್ತು ಹೊತ್ತಿಗೆ ಮಡಕಿಕಾಳು, ಶೇಂಗಾ, ತತ್ತಿ. ಬಾಯಿಯ ಗತಿ ತಿಳಿಯುವ ಮೊದಲೇ ಹೊಟ್ಟೆ ಕೆಟ್ಟಿತು!

ಆ ಅಧ್ಯಯನ ನಡೆಸುತ್ತಿದ್ದ ವೈದ್ಯೆ ಫೋನಿನಲ್ಲಿ ಕೊಟ್ಟ ಸೂಚನೆ ಸ್ಪಷ್ಟವಾಗಿತ್ತು: "ಬರೂ ಮುಂದ ಏನೂ ತಿನ್ನಬ್ಯಾಡ್ರಿ, ಏನೂ ಕುಡೀಬ್ಯಾಡ್ರಿ." ಅಕ್ಷರಶಃ ಪಾಲಿಸಿದೆ. ಬಸ್ಸಿನಲ್ಲಿ ಪಕ್ಕದವರು ಕೊಟ್ಟ ಬಾಳೆಹಣ್ಣನ್ನೂ ನಿರಾಕರಿಸಿದೆ.

ಆಸ್ಪತ್ರೆಯಲ್ಲಿ ಪುಟ್ಟ ನಳಿಕೆ ಕೊಟ್ಟರು. ಉಗುಳಬಾರದು, ಜೊಲ್ಲು ತಾನಾಗಿ ಇಳಿಯಬೇಕು. ಜೀವಮಾನವಿಡೀ ಕಂಡ ಗೋಡೆಗೆಲ್ಲ ಉಗುಳಿದ ಬಾಯಿ ಭಯಕ್ಕೆ ಕಾದ ಹಂಚಿನಂತೆ ಒಣಗಿತ್ತು! ಜೊತೆಗೆ ಬಂದಿದ್ದ ಗಿರಿಜಾ ಕಿವಿಯಲ್ಲಿ ಮಂತ್ರ ಊದಿದಳು: "ಹುಣಸಿಕಾಯಿ... ಉಪ್ಪು ಖಾರ ಹಚ್ಚಿದ ಮಾವಿನಕಾಯಿ..."

ಇಳಿಯಿತು. ಕೆಂಪಗೆ ಇಳಿಯಿತು.

ವೈದ್ಯೆ ನಳಿಕೆಯನ್ನು ಬೆಳಕಿಗೆ ಹಿಡಿದರು. "ಏನ್ ತಿಂದೀರಿ?"

"ಏನೂ ತಿಂದಿಲ್ರಿ."

"ಮತ್ತ ಇದು? ಎಲಿ ಅಡಕಿ ಅಲ್ಲೇನು?"

"ಅದು ತಿನ್ನೂದಲ್ರಿ ಮೇಡಮ್. ಹಾಕ್ಕೊಳ್ಳೂದು!"

ಕುಷ್ಟಗಿ ಬಸ್ ನಿಲ್ದಾಣದಲ್ಲಿ ಹಾಕಿಕೊಂಡಿದ್ದೆ, ತಂಬಾಕು ಸಮೇತ. ವ್ಯಾಕರಣ ನನ್ನ ಕಡೆಗಿತ್ತು. ವೈದ್ಯೆ ನನ್ನ ಕಡೆಗಿರಲಿಲ್ಲ.

"ಇದರಾಗ ನಾ ಪ್ರೋಟೀನ್ ಹುಡುಕ್ಲ್ಯೋ, ಸುಣ್ಣ ಹುಡುಕ್ಲ್ಯೋ?"

ಜೊಲ್ಲಿನ ಪರೀಕ್ಷೆ ಇನ್ನೂ ಅಧ್ಯಯನದ ಹಂತದಲ್ಲಿದೆ, ಈ ಕಲೆಗೆ ಅದನ್ನು ಕಾಯುತ್ತ ಕೂರುವಂತಿಲ್ಲ ಎಂದ ಅವರು, ಗಲ್ಲದ ಒಳಗಿನಿಂದ ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಹೊರಗೆ ಬಂದು ಗಿರಿಜಾ ಅತ್ತಳು. "ನಮ್ಮ ಮನಿಯವರಿಗೆ ಚಟ ಏನೂ ಇಲ್ಲ, ಬರೇ ಎಲಿ ಹಾಕ್ಕೋತಾರ ಅಂತ ಓಣಿ ತುಂಬ ಹೇಳೀನಲ್ರಿ ನಾ!"

ಬಾಯಿಯಲ್ಲಿ ಹತ್ತಿ ಕಚ್ಚಿಕೊಂಡೇ ಅವಳ ಜೊತೆ ಬಸ್ ನಿಲ್ದಾಣದ ಕಡೆ ನಡೆದೆ.

ವರದಿ ಮರುವಾರ ಬಂತು. ಕ್ಯಾನ್ಸರ್ ಅಲ್ಲ, ತಂಬಾಕು ಬಿಡದಿದ್ದರೆ ಮುಂದೆ ಆಗಬಹುದಾದದ್ದು. ಆಗಾಗ ಬಂದು ಬಾಯಿ ತೋರಿಸಬೇಕು. ಇನ್ನು ಮೇಲೆ ಪ್ರಶ್ನೆಗಳನ್ನು ರೋಗಿಗೆ ಕೇಳದೆ ನೇರವಾಗಿ ಗಿರಿಜಾ ಅವರಿಗೇ ಕೇಳಲಾಗುವುದು ಎಂದು ವೈದ್ಯೆ ತಿಳಿಸಿದ್ದಾರೆ.