ಗೋಲ್‌ಕೀಪರ್‌ಗೆ ಕಾಂಪಿಟೇಶನ್ ಇಲ್ಲ

ಡಾಕ್ಟರ್ ದಿವಾಕರ ಅವರ ಆ ಭಾನುವಾರವನ್ನು ಹಾಳು ಮಾಡಿದ್ದು ಒಂದೇ ಒಂದು ಹಾಳೆ. ಅದನ್ನು ತಂದವರು ಪಕ್ಕದ ಮನೆಯ ಪ್ರಭಾಕರ. ಇಂಗ್ಲೆಂಡಿನ ಲಫ್‌ಬರೋ ಯೂನಿವರ್ಸಿಟಿಯಲ್ಲಿ ಸಂಖ್ಯಾಶಾಸ್ತ್ರ ಪಾಠ ಹೇಳುವ ಈ ಮಹಾನುಭಾವರಿಗೆ ಬೇರೆಯವರ ಮನೆಯ ಕಾಫಿ ಕುಡಿಯುತ್ತ ಅವರ ಮಕ್ಕಳ ಭವಿಷ್ಯವನ್ನು ಶೇಕಡಾವಾರು ಲೆಕ್ಕದಲ್ಲಿ ಹೇಳುವುದೆಂದರೆ ಪರಮ ಸಂತೋಷ.

"ದಿವಾಕರ್, ಇಂಟರ್‌ನೆಟ್‌ನಿಂದ ಪ್ರಿಂಟ್ ತೆಗೆದು ತಂದಿದೀನಿ. ಕೂತ್ಕೊಂಡು ಕೇಳಿ."

"ಕೂತೇ ಇದೀನಲ್ರೀ."

"ಹಾಗಾದ್ರೆ ಗಟ್ಟಿಯಾಗಿ ಕೂತ್ಕೊಳ್ಳಿ. ಅಮೆರಿಕದ ಸ್ಕೂಲುಗಳಲ್ಲಿ ಸಾಕರ್, ಅಂದ್ರೆ ನಮ್ಮ ಫುಟ್‌ಬಾಲು, ಆಡೋ ಹುಡುಗೀರು ನೂರು ಜನ ಇದ್ರೆ, ಕಾಲೇಜಿನ ಸ್ಕಾಲರ್‌ಶಿಪ್ ಎಷ್ಟು ಜನಕ್ಕೆ ಸಿಗುತ್ತೆ ಗೊತ್ತಾ? ಒಬ್ಬಳಿಗೆ! ತೀರಾ ಧಾರಾಳವಾಗಿ ಲೆಕ್ಕ ಹಾಕಿದ್ರೆ ಒಂದೂವರೆ."

"ಆ ಅರ್ಧ ಹುಡುಗಿ ಹೇಗೆ ಆಡ್ತಾಳಂತೆ?" ಎಂದು ಅಡುಗೆಮನೆಯಿಂದ ದಿವಾಕರರ ಹೆಂಡತಿ ದಾಕ್ಷಾಯಣಿಯ ದನಿ ಬಂತು.

ದಿವಾಕರರಿಗೆ ನಗು ಬರಲಿಲ್ಲ. ಅವರ ಒಬ್ಬಳೇ ಮಗಳು ಮಾಳವಿಕಾ, ಹದಿನೇಳು ವರ್ಷ, ನಾಟಿಂಗ್‌ಹ್ಯಾಮ್‌ನ ಹುಡುಗಿಯರ ಒಂದು ಚಿಕ್ಕ ಫುಟ್‌ಬಾಲ್ ಕ್ಲಬ್ಬಿನಲ್ಲಿ ಒಂಬತ್ತನೇ ನಂಬರ್ ಜರ್ಸಿ ತೊಟ್ಟು ಫಾರ್ವರ್ಡ್ ಆಡುತ್ತಿದ್ದಳು. ಹಿಂದಿನ ಸೀಸನ್ನಿನಲ್ಲಿ ಇಪ್ಪತ್ತೆರಡು ಗೋಲು ಹೊಡೆದಿದ್ದಳು. ಇವತ್ತು ಹನ್ನೊಂದು ಗಂಟೆಗೆ ಮ್ಯಾಚು. ಅದನ್ನು ನೋಡಲು ಅಮೆರಿಕದ ಒಂದು ಕಾಲೇಜಿನ ಕೋಚು, ಮಿಸ್ ಬ್ರೆನ್ನರ್ ಎಂಬಾಕೆ, ಬರುವವಳಿದ್ದಳು. ಗಣೇಶನ ಹಬ್ಬದ ಊಟದಲ್ಲಿ, ಕೈಯಲ್ಲಿ ಕಡುಬು ಹಿಡಿದುಕೊಂಡೇ, ದಿವಾಕರ ಅರವತ್ತು ಜನರ ಎದುರು "ನಮ್ಮ ಮಾಳು ಅಮೆರಿಕಕ್ಕೆ ಹೊರಟ್ಲು" ಎಂದು ಸಾರಿಬಿಟ್ಟಿದ್ದರು. ಹಾಗೆ ಸಾರುವಾಗ ಅವರಿಗೆ ಈ ಒಂದೂವರೆ ಹುಡುಗಿಯರ ವಿಷಯ ಗೊತ್ತಿರಲಿಲ್ಲ.

ದಾಕ್ಷಾಯಣಿಗೆ ಚೆಂಡಿನ ಮೇಲೆ ಕಿಂಚಿತ್ತೂ ನಂಬಿಕೆಯಿಲ್ಲ. ಸ್ವತಃ ಜಿಪಿ, ಅಂದರೆ ಬಡಾವಣೆಯ ಡಾಕ್ಟರು. ಮಗಳೂ ಡಾಕ್ಟರಾಗಬೇಕು, ಅಷ್ಟೆ. ಮೆಡಿಸಿನ್ ಸೀಟಿಗೆ ಅರ್ಜಿ ಹಾಕಲು ಬರುವ ಶುಕ್ರವಾರವೇ ಕೊನೆಯ ದಿನ. ಒಂದು ವಾರ ಜಗಳವಾಡಿ ಮನೆಯಲ್ಲಿ ಒಪ್ಪಂದವಾಗಿತ್ತು: ಇವತ್ತು ಆ ಅಮೆರಿಕದವಳು ಹೂಂ ಅಂದರೆ ಫುಟ್‌ಬಾಲು, ಇಲ್ಲದಿದ್ದರೆ ಅರ್ಜಿ. ಎರಡು ದಿನದಿಂದ ಮಾಳವಿಕಾಳ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ. ಮನೆಯಲ್ಲಿ ಅವಳ ಪಕ್ಷದಲ್ಲಿ ಇದ್ದದ್ದು ಅಪ್ಪ ಒಬ್ಬರೇ. ಪಾಪ, ಅವಳ ಗ್ರಹಚಾರ.

"ಏನಾದ್ರೂ ದಾರಿ ಇದೆಯಾ ಪ್ರಭಾಕರ್?" ಎಂದು ದಿವಾಕರ ಪಿಸುಗುಟ್ಟಿದರು.

"ಇದೆ. ಗೋಲು ಹೊಡಿಯೋಕೆ ಎಲ್ಲರಿಗೂ ಆಸೆ. ಆ ಕ್ಯೂ ಇಲ್ಲಿಂದ ಬರ್ಮಿಂಗ್‌ಹ್ಯಾಮ್‌ವರೆಗೂ ಇದೆ. ಗೋಲ್‌ಕೀಪರ್? ಮುಖಕ್ಕೆ ಚೆಂಡು ಬಡಿಸ್ಕೊಳ್ಳೋಕೆ ಯಾರ್ರೀ ಬರ್ತಾರೆ? ಕಾಂಪಿಟೇಶನ್ನೇ ಇಲ್ಲ!"

ಕಾಂಪಿಟೇಶನ್ ಇಲ್ಲ. ಈ ಎರಡು ಪದ ಕೇಳಿದ್ದೇ ದಿವಾಕರರ ಮೈ ಜುಮ್ಮೆಂದಿತು. ಇಪ್ಪತ್ತು ವರ್ಷದ ಹಿಂದೆ ಮೈಸೂರಿನಿಂದ ಬಂದಾಗ ಅವರಿಗೆ ಹೃದಯದ ಸರ್ಜನ್ ಆಗುವ ಆಸೆ. ಒಂದು ಕೆಲಸಕ್ಕೆ ಎಂಬತ್ತು ಅರ್ಜಿ. ಆಗ ದೇವೇಂದ್ರಪ್ಪ ಎಂಬ ಹಿರಿಯ ಡಾಕ್ಟರು ಬೆನ್ನು ತಟ್ಟಿ, "ಹಾರ್ಟ್ ಬಿಟ್ಟಾಕು ತಮ್ಮಾ. ಮುದುಕರ ವಾರ್ಡಿಗೆ ಹೋಗು, ಅಲ್ಲಿ ಕಾಂಪಿಟೇಶನ್ ಇಲ್ಲ" ಎಂದಿದ್ದರು. ದಿವಾಕರ ಹೋದರು, ಕೆಲಸ ಸಿಕ್ಕಿತು, ಮನೆ ಆಯಿತು, ಮಾರ್ಗೇಜ್ ಎಂಬ ಮನೆಸಾಲವೂ ಆಯಿತು. ಈಗ ನಗರದ ಅರ್ಧ ಮುದುಕಿಯರು ಅವರನ್ನು ಕಂಡರೆ ಕೈ ಹಿಡಿದು ಬಿಡುವುದಿಲ್ಲ. ಆ ಉಪದೇಶವನ್ನು ಅವರು ಅಂದಿನಿಂದ ಮಂತ್ರದ ಹಾಗೆ ಕಾಪಾಡಿಕೊಂಡು ಬಂದಿದ್ದರು.

ಕ್ಲಬ್ಬಿನಲ್ಲಿ ಗೋಲ್‌ಕೀಪರ್ ಆಗಿದ್ದವಳು ಪ್ರಭಾಕರರ ಮಗಳೇ, ಶ್ರಾವ್ಯ. ಓಡುವ ತಾಪತ್ರಯವಿಲ್ಲ ಎಂಬ ಒಂದೇ ಕಾರಣಕ್ಕೆ ಆ ಜಾಗ ಆರಿಸಿಕೊಂಡಿದ್ದ ಸೋಮಾರಿ ಹುಡುಗಿ. ಅವಳನ್ನು ಅಲ್ಲಿಂದ ಎಬ್ಬಿಸುವುದು ಹೇಗೆ? ಅದಕ್ಕೂ ದಾರಿಯಿತ್ತು. ಕ್ಲಬ್ಬಿಗೆ ಬಿಟ್ಟಿಯಾಗಿ ಸಿಕ್ಕಿದ್ದ ಡಾಕ್ಟರು ಯಾರು? ನಮ್ಮ ದಿವಾಕರರೇ.

ಟ್ರೆಂಟ್ ನದಿಯ ಪಕ್ಕದ ಮೈದಾನಕ್ಕೆ ಬಂದದ್ದೇ ದಿವಾಕರ ಬ್ಯಾಗು ಬಿಚ್ಚಿ ಶ್ರಾವ್ಯಳ ಕೈ ಹಿಡಿದರು.

"ಈ ಬೆರಳು ನೋಯುತ್ತಾ ಪುಟ್ಟಾ?"

"ನೋ ಅಂಕಲ್."

"ಇದು?"

"ನೋ."

"ಒಂದೂ ನೋಯ್ತಿಲ್ಲ ಅಂದ್ರೆ ನನಗೆ ಯಾಕೋ ಅನುಮಾನ," ಎನ್ನುತ್ತ ಎರಡು ಬೆರಳು ಸೇರಿಸಿ ಮಣಿಕಟ್ಟಿನವರೆಗೆ ಬ್ಯಾಂಡೇಜು ಸುತ್ತಿದರು. ಆಮೇಲೆ ಕ್ಲಬ್ಬಿನ ಕೋಚು ಲಿಂಡಾಳ ಹತ್ತಿರ ಹೋಗಿ, ಕೈಗೆ ಪೂರ್ತಿ ವಿಶ್ರಾಂತಿ ಬೇಕು, ಕಾಲಿಗೆ ಏನೂ ತೊಂದರೆಯಿಲ್ಲ, ಫಾರ್ವರ್ಡ್ ಆಡಿಸಬಹುದು ಎಂದು ಗಂಭೀರವಾಗಿ ವರದಿ ಒಪ್ಪಿಸಿದರು. ಗೋಲಿಗೆ ಯಾರು ಎಂದು ಲಿಂಡಾ ತಲೆ ಮೇಲೆ ಕೈ ಹೊತ್ತಳು. ತಮ್ಮ ಮಗಳು ಮನೆಯಲ್ಲಿ ಜಾರಿ ಬೀಳುವ ಸ್ಟೀಲ್ ಲೋಟಗಳನ್ನು ನೆಲ ಮುಟ್ಟುವ ಮುಂಚೆ ಹಿಡಿಯುತ್ತಾಳೆ ಎಂದು ದಿವಾಕರ ಸಾಕ್ಷಿ ನುಡಿದರು.

"ಡ್ಯಾಡಿ! ಐ ಆ್ಯಮ್ ಎ ಸ್ಟ್ರೈಕರ್!" ಮಾಳವಿಕಾಳ ಕಣ್ಣಲ್ಲಿ ನೀರು ಬಂತು.

"ಕಂದಾ, ನನ್ನ ನಂಬು. ಕಾಂಪಿಟೇಶನ್ ಇಲ್ಲ ಕಣೇ."

ಅವಳು ಅಪ್ಪನನ್ನು ಒಂದು ಕ್ಷಣ ನೋಡಿದಳು. ಆಮೇಲೆ ಶ್ರಾವ್ಯಳ ಕೈಗವಸು ಕಿತ್ತುಕೊಂಡು ಗೋಲಿನತ್ತ ನಡೆದಳು. ಒಂಬತ್ತನೇ ನಂಬರಿನ ಜರ್ಸಿ ಶ್ರಾವ್ಯಳಿಗೆ ಹೋಯಿತು. ಶ್ರಾವ್ಯ ಅದನ್ನು ಶಿಕ್ಷೆಯ ಹಾಗೆ ತೊಟ್ಟುಕೊಂಡಳು.

ಅಷ್ಟರಲ್ಲಿ ಮಿಸ್ ಬ್ರೆನ್ನರ್ ಬಂದಳು. ಟೋಪಿ, ಕೈಯಲ್ಲಿ ಪ್ಯಾಡು, ಎತ್ತರದ ಹೆಂಗಸು. ಅವಳು ಪೆನ್ನು ತೆಗೆಯುವ ಮೊದಲೇ ಪ್ರಭಾಕರರ ಹೆಂಡತಿ ಶೋಭಾ ಅವಳ ಕೈಗೆ ಪುಳಿಯೋಗರೆಯ ತಟ್ಟೆ ಕೊಟ್ಟಾಗಿತ್ತು. "ಪ್ಲೀಸ್, ಯೂ ಮಸ್ಟ್ ಈಟ್. ಅಷ್ಟು ದೂರದಿಂದ ಬಂದಿದೀರ!" ಇನ್ನೊಂದು ಕೈಗೆ ಚಕ್ಕುಲಿ. ಬರೆಯಲು ಕೈಯೇ ಉಳಿಯದ ಮಿಸ್ ಬ್ರೆನ್ನರ್ ಪ್ಯಾಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಿನ್ನತೊಡಗಿದಳು. ಜಿಟಿಜಿಟಿ ಹನಿ ಶುರುವಾಯಿತು. ದಿವಾಕರ ಓಡಿ ಬಂದು ಅವಳ ತಲೆಯ ಮೇಲೆ ಛತ್ರಿ ಹಿಡಿದು, ಅವಳ ಮುಖವನ್ನೇ ನೋಡುತ್ತ ನಿಂತರು. ಆಟವನ್ನು ನೋಡುವ ಧೈರ್ಯ ಅವರಿಗಿರಲಿಲ್ಲ.

ಆಟವೋ, ದೇವರಿಗೇ ಪ್ರೀತಿ. ಮುಂದೆ ಗೋಲು ಹೊಡೆಯುವವರೇ ಇಲ್ಲದ ಕಾರಣ ಚೆಂಡು ಈ ಕಡೆಯಿಂದ ಆ ಕಡೆಗೆ ಹೋಗುವುದನ್ನೇ ಮರೆಯಿತು. ಶ್ರಾವ್ಯ ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡು, ಚೆಂಡು ಬಂದಾಗಲೆಲ್ಲ ಮರ್ಯಾದೆಯಿಂದ ದಾರಿ ಬಿಟ್ಟುಕೊಡುತ್ತಿದ್ದಳು. ಎದುರಾಳಿ ಹುಡುಗಿಯರು ಸರದಿಯಲ್ಲಿ ನಿಂತು ಹೊಡೆಯತೊಡಗಿದರು. ಆದರೆ ಮಾಳವಿಕಾಳಿಗೆ ಬಂದಿತ್ತಲ್ಲ ಸಿಟ್ಟು! ಎಡಕ್ಕೆ ಬಿದ್ದು ಹಿಡಿದಳು, ಬಲಕ್ಕೆ ಹಾರಿ ತಳ್ಳಿದಳು, ಒಂದನ್ನು ಮೊಣಕಾಲಲ್ಲಿ ತಡೆದಳು, ಒಂದನ್ನು ಸೀದಾ ಮೂಗಿನಲ್ಲಿ. ಹೊಡೆಯುವವರು ಎಲ್ಲಿಗೆ ಹೊಡೆಯುತ್ತಾರೆ ಎಂಬುದು ಹೊಡೆದೇ ಬೆಳೆದವಳಿಗೆ ಗೊತ್ತಿರದೆ ಇರುತ್ತದೆಯೇ? ಆ ಒಂದೊಂದು ಚೆಂಡನ್ನೂ ಅಪ್ಪನ ಮುಖವೆಂದುಕೊಂಡು ಗುದ್ದುತ್ತಿದ್ದಳು.

"ಮೂವತ್ನಾಲ್ಕು ಹೊಡೆತ, ಮೂವತ್ತೆರಡು ತಡೆ," ಎಂದು ಪ್ರಭಾಕರ ಹಾಳೆಯ ಹಿಂಬದಿಯಲ್ಲಿ ಗೀಟು ಹಾಕುತ್ತಿದ್ದರು.

"ನಿಮ್ಮ ಗೀಟಿಗೆ ಬೆಂಕಿ ಬೀಳ. ಮಗು ಮೂಗು ನೋಡಿ, ಬದನೆಕಾಯಿ ಆಗಿದೆ!" ಎಂದು ದಾಕ್ಷಾಯಣಿ ಗದರಿದರು.

ಆಟ ಮುಗಿಯಲು ಎರಡು ನಿಮಿಷವಿತ್ತು. ಮುಗ್ಗರಿಸಿದ ಶ್ರಾವ್ಯಳ ಮೇಲೆ ಎದುರಾಳಿಯೊಬ್ಬಳು ಬಿದ್ದು, ಯಾರೂ ಕೇಳದೆಯೇ ಪೆನಾಲ್ಟಿ ಸಿಕ್ಕಿಬಿಟ್ಟಿತು. ಮಾಳವಿಕಾಳ ಮುಖ ಅರಳಿತು. ಪೆನಾಲ್ಟಿ ಯಾವತ್ತೂ ಅವಳದೇ. ಗೋಲು ಬಿಟ್ಟು ಆ ತುದಿಗೆ ಓಡತೊಡಗಿದಳು. ಅರ್ಧ ಮೈದಾನ ದಾಟಿದಳು.

ಗೋಲ್‌ಕೀಪರ್ ಗೋಲು ಬಿಟ್ಟು ಓಡುವುದೆಂದರೆ ಏನು? ಆ ಅಮೆರಿಕದವಳು ಏನೆಂದುಕೊಂಡಾಳು? ದಿವಾಕರ ಛತ್ರಿ ಎಸೆದು ಅಚ್ಚ ಕನ್ನಡದಲ್ಲಿ ಕೂಗಿಕೊಂಡರು: "ಮಾಳೂ! ನನ್ನಾಣೆಗೂ ಹಿಂದಕ್ಕೆ ಹೋಗೇ!"

ಇಂಗ್ಲೆಂಡಿನಲ್ಲೇ ಹುಟ್ಟಿದರೂ ಅಪ್ಪನ ಆಣೆಯ ತೂಕ ಆ ಹುಡುಗಿಗೆ ಗೊತ್ತಿತ್ತು. ನಿಂತಳು. ಚೆಂಡನ್ನು ಒಮ್ಮೆ ನೋಡಿದಳು, ಅಪ್ಪನನ್ನು ಒಮ್ಮೆ ನೋಡಿದಳು, ತಲೆ ತಗ್ಗಿಸಿ ವಾಪಸು ನಡೆದಳು. ಪೆನಾಲ್ಟಿಯನ್ನು ಶ್ರಾವ್ಯ ಹೊಡೆದಳು. ಅದು ಗೋಲಿನ ಮೇಲೆ ಹಾರಿ, ಶೋಭಾ ಅವರ ಪುಳಿಯೋಗರೆ ಪಾತ್ರೆಯೊಳಗೆ ಹೋಗಿ ಕೂತಿತು. ಎರಡು–ಸೊನ್ನೆಯಲ್ಲಿ ಸೋಲಾಯಿತು.

ಎಲ್ಲ ಮುಗಿಯಿತು ಎಂದು ದಿವಾಕರ ಒದ್ದೆ ಹುಲ್ಲಿನ ಮೇಲೆ ಕುಸಿದರು. ಮಿಸ್ ಬ್ರೆನ್ನರ್ ಕೈ ಒರೆಸಿಕೊಂಡು ನೇರ ಅವರ ಮುಂದೆ ಬಂದು ನಿಂತಳು.

"ಆ ಗೋಲ್‌ಕೀಪರ್ ನಿಮ್ಮ ಮಗಳೇ? ಹತ್ತು ಊರು ಸುತ್ತಿದೆ, ಇಂಥ ಹುಡುಗಿಯನ್ನು ನೋಡಲಿಲ್ಲ. ಪೆನಾಲ್ಟಿಯ ಆಸೆಯನ್ನೂ ಬಿಟ್ಟು ತನ್ನ ಜಾಗಕ್ಕೆ ಹಿಂತಿರುಗಿದಳಲ್ಲ, ಅದನ್ನು ನೋಡಿಯೇ ನಿರ್ಧಾರ ಮಾಡಿದೆ. ಅವಳನ್ನು ನಮ್ಮ ಕಾಲೇಜಿಗೆ ಕೊಡಿ. ನಾಲ್ಕು ವರ್ಷ, ಪೂರ್ತಿ ಸ್ಕಾಲರ್‌ಶಿಪ್."

"ನಾನು ಹೇಳಲಿಲ್ವಾ? ನೂರಕ್ಕೆ ಒಬ್ಬಳು!" ಪ್ರಭಾಕರ ಹಾಳೆಯನ್ನು ಬಾವುಟದಂತೆ ಬೀಸಿದರು. ದಿವಾಕರ ಎದ್ದು ಕುಣಿದರು. ಶೋಭಾ ಮಾತ್ರ ಪಾತ್ರೆಯೊಳಗಿನ ಚೆಂಡನ್ನೇ ನೋಡುತ್ತ, "ನಮ್ಮ ಶ್ರಾವ್ಯಂದೇ ಜಾಗ ಅದು. ಬ್ಯಾಂಡೇಜು ಕಟ್ಟಿ ಕಿತ್ಕೊಂಡ್ರಿ," ಎಂದರು. ಶೋಭಾ ಅವರ ಮುಖದಲ್ಲಿ ಆ ಹೊಟ್ಟೆಯುರಿ ಕಂಡದ್ದೇ ತಡ, ಇಷ್ಟು ದಿನ ಮೆಡಿಸಿನ್ ಮೆಡಿಸಿನ್ ಎಂದು ಜಪಿಸುತ್ತಿದ್ದ ದಾಕ್ಷಾಯಣಿ ಎದೆಯುಬ್ಬಿಸಿ ನಿಂತರು.

"ಮೆಡಿಸಿನ್ ಯಾರು ಬೇಕಾದ್ರೂ ಓದ್ತಾರೆ ಶೋಭಾ. ನಮ್ಮ ಮಾಳು ಅಮೆರಿಕಕ್ಕೇ ಹೋಗೋದು!"

ಆಗ ಮಾಳವಿಕಾ ಬಂದಳು. ಮೂಗಿಗೆ ಹತ್ತಿ, ಮೈತುಂಬ ಕೆಸರು. ಮಿಸ್ ಬ್ರೆನ್ನರ್ ಹೇಳಿದ್ದನ್ನು ಕೊನೆಯವರೆಗೂ ಕೇಳಿಸಿಕೊಂಡು, ಅಲ್ಲಿ ಫಾರ್ವರ್ಡ್ ಆಡಬಹುದೇ ಎಂದು ಒಂದೇ ಪ್ರಶ್ನೆ ಕೇಳಿದಳು.

ಆಕೆ ನಕ್ಕುಬಿಟ್ಟಳು. ಫಾರ್ವರ್ಡ್‌ಗಳು ಬೇಕಾದಷ್ಟಿದ್ದಾರೆ ಮಗೂ, ಕ್ಯೂ ನಿಂತಿದ್ದಾರೆ, ನಾನು ಹಡಗು ವಿಮಾನ ಹತ್ತಿ ಬಂದದ್ದೇ ಗೋಲ್‌ಕೀಪರ್‌ಗಾಗಿ ಎಂದಳು.

"ಫೋರ್ ಇಯರ್ಸ್? ಬಿಟ್ವೀನ್ ದೋಸ್ ಟೂ ಪೋಸ್ಟ್ಸ್? ನೋ ಥ್ಯಾಂಕ್ ಯೂ," ಎಂದಳು ಮಾಳವಿಕಾ. ಅಮ್ಮನ ಕಡೆ ತಿರುಗಿದಳು. "ಮಮ್ಮಿ, ವೇರ್ ಈಸ್ ದಟ್ ಮೆಡಿಸಿನ್ ಫಾರ್ಮ್?"

ಮಿಸ್ ಬ್ರೆನ್ನರ್ ಭುಜ ಕುಣಿಸಿ, ಉಳಿದ ಚಕ್ಕುಲಿಯನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದಳು.

ಕಾರಿನಲ್ಲಿ ಯಾರೂ ಮಾತಾಡಲಿಲ್ಲ ಎಂದರೆ ಸುಳ್ಳು. ದಾಕ್ಷಾಯಣಿ ಒಬ್ಬರೇ ಮಾತಾಡಿದರು. "ಬಂದ ಅಮೆರಿಕ ಹೋಯ್ತು. ಶೋಭಾ ಊರೆಲ್ಲ ಏನಂತಾಳೋ. ಎಲ್ಲಾ ನಿಮ್ಮಿಂದ್ಲೇ. ಮಗು ಅದರ ಪಾಡಿಗೆ ಗೋಲು ಹೊಡ್ಕೊಂಡಿತ್ತು!" ಮಗಳಿಗೆ ಬೇಕಾದದ್ದು ಸಿಗಲೆಂದು ಹೊರಟು, ಅವಳಿಗೆ ಬೇಡವಾದದ್ದನ್ನೇ ಗೆಲ್ಲಿಸಿಕೊಟ್ಟೆನಲ್ಲ ಎಂದು ದಿವಾಕರರಿಗೆ ಅಳು ಬರುವಂತಾಗಿತ್ತು.

ಮನೆಯ ಬೀದಿಗೆ ತಿರುಗುವಾಗ ಹಿಂದಿನ ಸೀಟಿನಿಂದ ಮಾಳವಿಕಾ, ಆ ದಿನ ಮೊದಲ ಬಾರಿಗೆ ಕನ್ನಡದಲ್ಲಿ, "ಡ್ಯಾಡಿ, ಡಾಕ್ಟರ್‌ಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಂಪಿಟೇಶನ್ ಯಾವುದಕ್ಕೆ?" ಎಂದು ಕೇಳಿದಳು.

"ಹಾರ್ಟ್ ಸರ್ಜರಿಗೆ ಕಂದಾ. ಒಂದು ಕೆಲಸಕ್ಕೆ ಎಂಬತ್ತು ಜನ."

"ನಂಗೆ ಅದೇ ಬೇಕು."

ದಿವಾಕರರ ಕಣ್ಣು ತುಂಬಿ ಬಂತು. ಇಪ್ಪತ್ತು ವರ್ಷದ ಹಿಂದೆ ತಾವು ಹೇಳಬೇಕಾಗಿದ್ದ ಮಾತನ್ನು ಮಗಳು ಹೇಳಿಬಿಟ್ಟಿದ್ದಳು. ಅಲ್ಲಿಗೆ ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ಅಭ್ಯಾಸ ಬಿಡಬೇಕಲ್ಲ!

"ಭೇಷ್ ಪುಟ್ಟಾ! ಆದ್ರೂ ಒಂದು ಮಾತು. ಈ ಕಾಲಿನ ಚರ್ಮದ ಡಿಪಾರ್ಟ್‌ಮೆಂಟು ಅಂತ ಒಂದಿದೆ ನೋಡು, ಅದರಲ್ಲಿ ಕಾಂಪಿಟೇಶನ್ನೇ..."

ಕೆಸರಿನಲ್ಲಿ ನೆನೆದ ಕೈಗವಸೊಂದು ಹಿಂದಿನ ಸೀಟಿನಿಂದ ಹಾರಿ ಬಂದು ಅವರ ಬೋಳುತಲೆಗೆ ಸರಿಯಾಗಿ ಬಡಿಯಿತು. ಆ ದಿನ ಮಾಳವಿಕಾ ಹೊಡೆದ ಗೋಲು ಅದೊಂದೇ.