ಸಮಾಧಾನ ಸೊಸೈಟಿಯ ಉಷ್ಣ ಮಾರ್ಗ

ಸಮಾಧಾನ ಸಹಕಾರಿ ಗೃಹನಿರ್ಮಾಣ ಸಂಘದ ಉಪನಿಯಮಗಳ ಪ್ರಕಾರ, ಅದರ ಪ್ರತಿಯೊಬ್ಬ ನಿವಾಸಿಯೂ ಬೆಳಿಗ್ಗೆ ಒಮ್ಮೆ ಮತ್ತು ಸಂಜೆ ಒಮ್ಮೆ ಬಿಸಿನೀರಿನ ಸ್ನಾನ ಮಾಡತಕ್ಕದ್ದು. ಸ್ನಾನದ ಉದ್ದೇಶ ಅಧ್ಯಕ್ಷರ ಮಗನ ಕಾರಿನ ಇಂಜಿನ್ ತಣಿಸುವುದು. ಅದೇ ಹೊತ್ತಿಗೆ ಮೈಯನ್ನೂ ತೊಳೆದುಕೊಳ್ಳುವುದಕ್ಕೆ ಸಂಘದ ಆಕ್ಷೇಪವೇನೂ ಇಲ್ಲ ಎಂದು ಅಡಿಟಿಪ್ಪಣಿಯಲ್ಲಿ ಸ್ಪಷ್ಟಪಡಿಸಲಾಗಿದೆ.

ಈ ನಿಯಮ ಜಾರಿಗೆ ಬಂದದ್ದು ೨೦೦೬ರ ಬೇಸಿಗೆಯಲ್ಲಿ, ಪುಣೆಯ ಧನಕವಡಿಯಲ್ಲಿ. ಸೂಚಕರು, ಅಧ್ಯಕ್ಷ ಮೋಹನದಾಸ್. ಅನುಮೋದಕರು, ಎಂದಿನಂತೆ, ಹರಿಶ್ಚಂದ್ರ.

ಹರಿಶ್ಚಂದ್ರ ನವಲಗುಂದದ ಕಡೆಯವನು, ವಿಮಾ ಕಚೇರಿಯೊಂದರಲ್ಲಿ ಗುಮಾಸ್ತ. ಸೊಸೈಟಿಯ ನೆಲಮಹಡಿಯಲ್ಲಿ ಒಂದು ಮನೆ ಕೊಂಡು ಹೆಂಡತಿ ಗೋದಾ ಮತ್ತು ತಾಯಿ ಯಂಕವ್ವನೊಂದಿಗೆ ವಾಸವಾಗಿ ಮೂರು ವರ್ಷವಾಗಿತ್ತು. ಮನೆ ಅವನದಾಗಿತ್ತು, ಸದಸ್ಯತ್ವ ಮಾತ್ರ 'ವಿಚಾರಾಧೀನ'ವಾಗಿತ್ತು. ಹಾಗೆಂದು ತಾತ್ಕಾಲಿಕ ಸದಸ್ಯನಿಗೆ ಹಕ್ಕುಗಳೇ ಇಲ್ಲವೆಂದು ಯಾರೂ ತಿಳಿಯಬಾರದು. ಅವನು ತಿಂಗಳ ವರ್ಗಣಿ ಕಟ್ಟಬಹುದು, ಸಭೆಗೆ ಜಮಖಾನೆ ಹಾಸಬಹುದು, ಅಧ್ಯಕ್ಷರು ಮಂಡಿಸಿದ ಠರಾವನ್ನು ಅನುಮೋದಿಸಬಹುದು. ವಿರೋಧಿಸುವಂತಿಲ್ಲ, ಸ್ವಂತ ಠರಾವು ಮಂಡಿಸುವಂತಿಲ್ಲ. ಸಭೆಯಲ್ಲಿ ಎದ್ದು ನಿಂತು 'ನಾನು ಸೂಚಿಸುತ್ತೇನೆ' ಎಂದು ಒಂದು ಸಲ ಹೇಳಬೇಕು ಎಂಬುದು ಹರಿಶ್ಚಂದ್ರನ ಜೀವಮಾನದ ಆಸೆ. ಏನನ್ನು ಸೂಚಿಸಬೇಕೆಂದು ಅವನು ಯೋಚಿಸಿರಲಿಲ್ಲ.

ಮೋಹನದಾಸ್ ನಿಪ್ಪಾಣಿ ಕಡೆಯಿಂದ ಬಂದು ಸಿಮೆಂಟ್ ವ್ಯಾಪಾರದಲ್ಲಿ ಮೇಲೆ ಬಂದವರು. ಸಭೆಯಲ್ಲಿ ಮರಾಠಿ, ಮನೆಯಲ್ಲಿ ಹಿಂದಿ. ಕನ್ನಡವನ್ನು ಅವರು ಕನ್ನಡಿಗರಿಂದ ಏನಾದರೂ ಆಗಬೇಕಾದಾಗ ಮಾತ್ರ ಹೊರಗೆ ತೆಗೆಯುತ್ತಿದ್ದರು. ಅವರ ಬಾಯಲ್ಲಿ 'ಹರಿಶ್ಚಂದ್ರಣ್ಣಾ' ಎಂದು ಬಂತೆಂದರೆ ಯಾವುದೋ ಠರಾವು ಬರೆದು ಸಿದ್ಧವಾಗಿದೆ ಎಂದೇ ಅರ್ಥ.

ಅವರ ಮಗ ಅಮರನದು ಜಪಾನಿನಿಂದ ಮುಂಬಯಿ ಬಂದರಿಗೆ ಇಳಿದ ಎರಡು ಬಾಗಿಲಿನ ಕಾರು. ಬಂದಾಗಲೇ ಅದಕ್ಕೆ ಬೇಕಾದಷ್ಟು ಜೋರಿತ್ತು. ಅಮರ ಅದರ ಟರ್ಬೊ ಕಿತ್ತು ಇನ್ನೂ ದೊಡ್ಡದು ಹಾಕಿಸಿ, ಇಂಜಿನ್ನಿಗೆ ಗಾಳಿ ತುರುಕುವ ಒತ್ತಡ ಏರಿಸಿ, ಐದುನೂರು ಅಶ್ವಶಕ್ತಿಗೆ ತಂದಿದ್ದ. ಶಕ್ತಿ ಬಂತು, ಬೆನ್ನಿಗೇ ಶಾಖವೂ ಬಂತು. ಸ್ವಾರಗೇಟಿನ ಸಿಗ್ನಲ್ಲಿನಲ್ಲಿ ಕಾರು ನಿಂತರೆ ಕುದಿಯುತ್ತಿತ್ತು, ಕಾತ್ರಜ ಘಾಟಿನಲ್ಲಿ ಕುದಿದು ನಿಲ್ಲುತ್ತಿತ್ತು. ನಾನಾ ಪೇಟೆಯ ಗ್ಯಾರೇಜಿನವನು ದೊಡ್ಡ ರೇಡಿಯೇಟರ್ ಹಾಕಿದ, ಆಯಿಲ್ ಕೂಲರ್ ಹಾಕಿದ, ಹೊಗೆ ಕೊಳವೆಗೆ ಬಾಣಂತಿಯ ತಲೆಗೆ ಸುತ್ತುವಂತೆ ಪಟ್ಟಿ ಸುತ್ತಿದ. ಕೊನೆಗೆ ಕೈಮುಗಿದು, ಟರ್ಬೊದ ಒತ್ತಡ ಸ್ವಲ್ಪ ಇಳಿಸಿದರೆ ಎಲ್ಲ ಸರಿಹೋಗುತ್ತದೆ ಎಂದ. ಅಮರ ಗ್ಯಾರೇಜು ಬದಲಾಯಿಸಿದ.

ಆಗ ಮುಂದೆ ಬಂದವನು ಮೂರನೇ ಮಹಡಿಯ ರಾಜೀವ. ಹಿಂಜವಾಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್, ಬೆಂಗಳೂರಿನವನು. ಬಾನೆಟ್ಟು ತೆರೆದ ಕಾರಿನ ಮುಂದೆ ಅವನು ಸ್ವಲ್ಪ ಹೊತ್ತು ಕೈಕಟ್ಟಿ ನಿಂತ.

"ಸರ್, ಹೀಟ್ ಪ್ರಾಬ್ಲಮ್ಮೇ ಅಲ್ಲ. ಹೀಟ್‌ಗೆ ಕಸ್ಟಮರ್ ಇಲ್ಲ ನೋಡಿ, ಅದು ಪ್ರಾಬ್ಲಮ್" ಎಂದ. "ನಮ್ಮಲ್ಲಿ ಇಷ್ಟೊಂದು ಮನೆ ಇದೆ. ಎಲ್ಲರೂ ಸ್ನಾನ ಮಾಡ್ತಾರೆ ತಾನೆ?"

"ಮಾಡ್ತಾರಂತ ನಂಬೀನಿ" ಎಂದರು ಮೋಹನದಾಸ್.

ಹದಿನೈದು ದಿನದಲ್ಲಿ ಸೊಸೈಟಿಯ ಖರ್ಚಿನಲ್ಲಿ ಕಾರು ನಿಲ್ಲುವ ಜಾಗಕ್ಕೆ ಎರಡು ರಬ್ಬರ್ ಕೊಳವೆಗಳು ಬಂದವು. ಕಾರು ಬಂದು ನಿಂತ ಕೂಡಲೇ ಇಂಜಿನ್ ಆರಿಸದೆ ಅವನ್ನು ಸಿಕ್ಕಿಸಬೇಕು. ರೇಡಿಯೇಟರಿನ ಕುದಿನೀರು ದೊಡ್ಡ ತೊಟ್ಟಿಯೊಳಗಿನ ತಾಮ್ರದ ಸುರುಳಿಯಲ್ಲಿ ಹರಿದು, ತನ್ನ ಶಾಖವನ್ನು ತೊಟ್ಟಿಗೆ ಕೊಟ್ಟು, ತಣ್ಣಗಾಗಿ ವಾಪಸು ಬರಬೇಕು. ತೊಟ್ಟಿಯ ನೀರು ಮನೆಮನೆಯ ಬಚ್ಚಲಿಗೆ ಹೋಗಬೇಕು. ಯಾರೂ ಸ್ನಾನ ಮಾಡದಿದ್ದರೆ ತೊಟ್ಟಿ ಕುದಿಯುತ್ತದೆ, ತೊಟ್ಟಿ ಕುದಿದರೆ ಕಾರೂ ಕುದಿಯುತ್ತದೆ. ಆದ್ದರಿಂದ ಸ್ನಾನವನ್ನು ಜನರ ಇಷ್ಟಕ್ಕೆ ಬಿಡುವಂತಿರಲಿಲ್ಲ.

ಸರ್ವಸಾಧಾರಣ ಸಭೆಯಲ್ಲಿ ಅಧ್ಯಕ್ಷರು ಲೋಡ್‌ಶೆಡ್ಡಿಂಗ್ ಬಗ್ಗೆ ದುಃಖದಿಂದ ಮಾತಾಡಿ, ವಿದ್ಯುತ್ ಉಳಿತಾಯಕ್ಕಾಗಿ ಎಲ್ಲ ಗೀಸರುಗಳ ತಂತಿ ಕತ್ತರಿಸಲಾಗುವುದು ಎಂದು ಘೋಷಿಸಿದರು. ಅನಂತರ ಹೊಸ ಉಪನಿಯಮ ಓದಲಾಯಿತು:

"(ಅ) ಕಾರು ಬರುವ ಸೂಚನೆಯಾಗಿ ಗೇಟಿನ ಭೋಂಗಾ, ಅಂದರೆ ಸೈರನ್, ಮೊಳಗಿದ ಕೂಡಲೇ ಪ್ರತಿ ಮನೆಯಿಂದ ಕನಿಷ್ಠ ಇಬ್ಬರು ಸ್ನಾನಕ್ಕೆ ಇಳಿಯತಕ್ಕದ್ದು. (ಆ) ಬಿಸಿನೀರಿಗೆ ತಣ್ಣೀರು ಬೆರೆಸುವುದನ್ನು ಸಂಘದ ಶಾಖದ ದುರುಪಯೋಗವೆಂದು ಪರಿಗಣಿಸಲಾಗುವುದು. (ಇ) ಜ್ವರಪೀಡಿತರು ವೈದ್ಯರ ಪ್ರಮಾಣಪತ್ರ ಹಾಜರುಪಡಿಸಿದಲ್ಲಿ ಕಾಲು ಮಾತ್ರ ತೊಳೆದುಕೊಳ್ಳಬಹುದು. (ಈ) ಅತಿಥಿಗಳೂ ನಿವಾಸಿಗಳೇ."

ಹರಿಶ್ಚಂದ್ರ ಅನುಮೋದಿಸಿದ. ಚಹಾ ಕೊಟ್ಟರು.

ಏಪ್ರಿಲ್ ಕಳೆದು ಮೇ ಬಂತು. ಹೊರಗೆ ಡಾಂಬರು ಮೆತ್ತಗಾಗುವಂಥ ಬಿಸಿಲು, ಒಳಗೆ ಹಬೆ. ಬಚ್ಚಲಿನ ಕಿಂಡಿಯಿಂದ ಹಬೆ ಬರುತ್ತಿದೆಯೇ ಎಂದು ನೋಡಲು ವಾಚ್‌ಮನ್ ಕೆಳಗೆ ಸುತ್ತುತ್ತಿದ್ದ. ಹಬೆ ಕಾಣದ ಮನೆಗೆ ನೋಟೀಸು. ಮಕ್ಕಳ ಬೆನ್ನ ಮೇಲೆ ಬೆವರುಸಾಲೆ ಎದ್ದಾಗ ಆರೋಗ್ಯ ಉಪಸಮಿತಿ ಸಭೆ ಸೇರಿ, ಬೆವರುಸಾಲೆಗೆ ದಿನಕ್ಕೆರಡು ಸ್ನಾನ ಒಳ್ಳೆಯದೆಂದು ಶಿಫಾರಸು ಮಾಡಿತು.

"ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದ್ರಂತ" ಎಂದಳು ಗೋದಾ, ಒದ್ದೆ ತಲೆಗೆ ಟವೆಲ್ ಸುತ್ತುತ್ತ. "ಕಾರಿಗೆ ಜ್ವರ ಬಂದದ, ನಮ್ಮ ಬೆನ್ನು ಸುಡ್ಲಿಕ್ಕತ್ತಾರ. ಅದಕ್ಕ ನೀವು ಬ್ಯಾರೆ ಅನುಮೋದನಾ ಕೊಟ್ಟು ಬಂದೀರಿ."

"ಮೆಲ್ಲಕ ಮಾತಾಡು. ನನ್ನ ಮೆಂಬರ್‌ಶಿಪ್ಪಿನ ಫೈಲು ಅಧ್ಯಕ್ಷರ ಮೇಜಿನ ಮ್ಯಾಲೆ ಬಂದದಂತ."

"ಮೂರು ವರ್ಷ ಆತು, ಕಪಾಟದಾಗಿಂದ ಮೇಜಿಗೆ ಬಂತು. ಭಾಳ ಓಡ್ಲಿಕ್ಕತ್ತದ ಬಿಡ್ರಿ."

ಯೋಜನೆ ಯಶಸ್ವಿಯಾಯಿತು. ಕಾರು ಎಷ್ಟು ಚೆನ್ನಾಗಿ ತಣಿಯತೊಡಗಿತೆಂದರೆ ಅಮರ ಸಂತೋಷಪಟ್ಟು ಟರ್ಬೊದ ಒತ್ತಡವನ್ನು ಮತ್ತೆ ಏರಿಸಿದ. ಈಗ ಒಂದು ಸಣ್ಣ ತೊಡಕು ಉಳಿಯಿತು. ಕಾರು ಕೊಳವೆಯ ಹತ್ತಿರ ಮಾತ್ರ ತಣಿಯುತ್ತಿತ್ತು, ಕಾತ್ರಜದ ಸುರಂಗದಿಂದ ಧನಕವಡಿಯವರೆಗೆ ಕುದಿಯುತ್ತಲೇ ಬರಬೇಕಾಗಿತ್ತು. ಪೂರ್ತಿ ಕುದಿಯುವ ಮೊದಲೇ ಮನೆ ಮುಟ್ಟಬೇಕೆಂದು ಅಮರ ಜೋರಾಗಿ ಬರುತ್ತಿದ್ದ, ಜೋರಾಗಿ ಬಂದಷ್ಟೂ ಇಂಜಿನ್ ಹೆಚ್ಚು ಕಾಯುತ್ತಿತ್ತು. ಅದಕ್ಕಾಗಿ ಗೇಟನ್ನು ಸದಾ ತೆರೆದಿಡಲು ನಿರ್ಧರಿಸಿ, ಗೇಟಿನಿಂದ ಕೊಳವೆಯವರೆಗೆ ಹಳದಿ ಗೆರೆ ಎಳೆದು, ನಡುವಿನ ಜಾಗವನ್ನು 'ಉಷ್ಣ ಮಾರ್ಗ' ಎಂದು ಘೋಷಿಸಲಾಯಿತು. ಅಮರ ಫೋನು ಮಾಡಿದ ಕೂಡಲೇ ವಾಚ್‌ಮನ್ ಭೋಂಗಾ ಒತ್ತಬೇಕು. ಕಾರಿಗೆ ಕೊಳವೆ ಸಿಕ್ಕಿಸುವವರೆಗೆ ಭೋಂಗಾ ನಿಲ್ಲಿಸಕೂಡದು.

ಒಂದು ಭಾನುವಾರ ಯಂಕವ್ವ ಸಂಡಿಗೆ ಹಾಕಿದ್ದಳು. ಹರಿಶ್ಚಂದ್ರ ಮೊದಲೇ ಹೇಳಿದ್ದ, ಹಳದಿ ಗೆರೆ ದಾಟಬೇಡ ಎಂದು. ಮುದುಕಿ ದಾಟಲಿಲ್ಲ. ಗೆರೆಯಿಂದ ಹತ್ತು ಮಾರು ದೂರ, ಅಂಗಳದ ಮೂಲೆಯ ತುಳಸಿಕಟ್ಟೆಯ ಹಿಂದೆ ಕಬ್ಬಿಣದ ಮಂಚ ಹಾಕಿಸಿ, ಅದರ ಮೇಲೆ ಹಳೆಯ ಸೀರೆ ಹಾಸಿ, ಕಾಗೆ ಓಡಿಸುತ್ತ ಕೂತಿದ್ದಳು.

ಭೋಂಗಾ ಕೂಗಿತು. ಹರಿಶ್ಚಂದ್ರ ಟವೆಲ್ ಸುತ್ತಿಕೊಂಡು ಬಚ್ಚಲಿಗೆ ಹೊರಟವನು ಅಡುಗೆಮನೆಯ ಕಿಟಕಿಯ ಹತ್ತಿರ ನಿಂತ. ಗೇಟಿನೊಳಗೆ ಕಾರು ಬಂತು. ಬಾನೆಟ್ಟಿನಿಂದ ಎದ್ದ ಹಬೆ ಗಾಜಿಗೆಲ್ಲ ಮುಸುಕಿತ್ತು. ಅದು ಗೆರೆ ಬಿಟ್ಟು, ಅಂಗಳ ದಾಟಿ, ಕಟ್ಟೆಯ ಮೂಲೆ ಸವರಿ ಮಂಚಕ್ಕೆ ಬಡಿಯಿತು. ಮಂಚದ ಜೊತೆ ಯಂಕವ್ವನೂ ಗೋಡೆಯವರೆಗೆ ಹೋದಳು. ಹರಿಶ್ಚಂದ್ರ ಇದಿಷ್ಟನ್ನೂ ನೋಡಿದ.

ಅವನು ಟವೆಲ್ಲಿನಲ್ಲೇ ಓಡಿ ಬರುವಷ್ಟರಲ್ಲಿ ಸಮಿತಿಯವರು ಸೇರಿದ್ದರು. ಮಂಚದ ಕಾಲು ರೇಡಿಯೇಟರಿಗೆ ಹೊಕ್ಕಿತ್ತು. ಕುದಿನೀರು ಸಂಡಿಗೆಯ ಮೇಲೆ ಹರಿಯುತ್ತಿತ್ತು.

"ಅಯ್ಯೋ, ಎಷ್ಟೊಂದು ಹೀಟ್ ವೇಸ್ಟ್ ಆಯ್ತು" ಎಂದ ರಾಜೀವ, ನಿಜವಾದ ನೋವಿನಿಂದ.

"ನನ್ನ ಸೊಂಟಾ ಹೋತಪಾ" ಎಂದಳು ಯಂಕವ್ವ.

ಭೋಂಗಾ ಕೂಗುತ್ತಲೇ ಇತ್ತು. ಕೊಳವೆ ಸಿಕ್ಕಿಸದೆ ನಿಲ್ಲಿಸುವಂತಿಲ್ಲ, ಸಿಕ್ಕಿಸಲು ಕಾರು ಅಲ್ಲಿಯವರೆಗೆ ಹೋಗುವಂತಿಲ್ಲ. ನಿವಾಸಿಗಳು ನಿಯಮದಂತೆ ಒಳಗೆ ಸ್ನಾನ ಮಾಡುತ್ತಿದ್ದರು. ಆಂಬುಲೆನ್ಸ್ ಬಂದು ಹೋದದ್ದು ಅನೇಕರಿಗೆ ಗೊತ್ತಾಗಲಿಲ್ಲ.

ಸೊಂಟದ ಮೂಳೆ ಮುರಿದಿತ್ತು. ಪೊಲೀಸ್ ಚೌಕಿಯಿಂದ ಬಂದ ಹವಾಲ್ದಾರ, ಮುದುಕಿ ಎಲ್ಲಿ ಕೂತಿದ್ದಳೆಂಬುದನ್ನು ಸೊಸೈಟಿ ಬರೆದುಕೊಡಲಿ, ಆಮೇಲೆ ಕೇಸಿನ ಮಾತು ಎಂದು ಹೇಳಿ ಹೋದ. ಮರುದಿನ ಸಂಜೆ ಮೋಹನದಾಸ್ ಆಸ್ಪತ್ರೆಗೆ ಮೂಸಂಬಿ ತಂದರು. ವರಾಂಡದಲ್ಲಿ ಹರಿಶ್ಚಂದ್ರನ ಹೆಗಲ ಮೇಲೆ ಕೈಯಿಟ್ಟರು.

"ಹರಿಶ್ಚಂದ್ರಣ್ಣಾ, ಅವ್ವಾರು ಹೆಂಗಿದ್ದಾರ? ನಮ್ಮ ಅವ್ವನ ವಯಸ್ಸಿನವ್ರು. ನೋಡಿ ಕರಳು ಚುರ್ ಅಂತು."

"ಆಪರೇಶನ್ ಆಗಬೇಕಂತ್ರಿ."

"ಆಗ್ತದ, ಎಲ್ಲಾ ಆಗ್ತದ. ನಾಳೆ ಸಭಾ ಇಟ್ಟೀನಿ. ಎರಡು ಠರಾವು ಅದಾವ. ಒಂದು ಅವ್ವಾರದು, ಒಂದು ನಿಮ್ಮ ಮೆಂಬರ್‌ಶಿಪ್ಪಿಂದು. ಮೊದಲನೇದು ಪಾಸಾದ್ರ ಎರಡನೇದು ತಗೊಳ್ಳೋದು. ಅವ್ವಾರು ಉಷ್ಣ ಮಾರ್ಗದಾಗ ಕೂತಿದ್ರು ಅಂತ ಅಷ್ಟ. ನೀವು ಅನುಮೋದನಾ ಮಾಡಿದ್ರ ಚೌಕಿಯವ್ರೂ ಒಪ್ತಾರ."

"ಆದ್ರ ಆಕಿ ಅಲ್ಲಿ ಕೂತಿದ್ದಿಲ್ರಿ. ನಾನು ಕಣ್ಣಾರೆ ನೋಡೀನಿ."

ಮೋಹನದಾಸರಿಗೆ ಸಿಟ್ಟು ಬರಲಿಲ್ಲ. "ನೋಡೋದು ಬ್ಯಾರೆ, ಅನುಮೋದನಾ ಬ್ಯಾರೆ" ಎಂದರು. "ಮೂರು ವರ್ಷ ಅನುಮೋದನಾ ಮಾಡೀರಿ. ಒಂದನ್ನಾದ್ರೂ ನೋಡಿ ಮಾಡೀರೇನು?"

ಹರಿಶ್ಚಂದ್ರನಿಗೆ ನಾಚಿಕೆಯಾಯಿತು. ಇದನ್ನು ಹೇಳದೆ ಬಿಟ್ಟರೆ ಅವನಿಗೆ ಅನ್ಯಾಯ ಮಾಡಿದಂತೆ. ತನ್ನನ್ನು ಹೆತ್ತು, ಗಂಡ ಸತ್ತ ಮೇಲೆ ಹತ್ತಿ ಬಿಡಿಸಿ ಓದಿಸಿದ ತಾಯಿ ಒಳಗೆ ನರಳುತ್ತಿದ್ದಾಗ ಅವನು ವರಾಂಡದ ಬೆಂಚಿನ ಮೇಲೆ ಕೂತು ತುಂಬ ಹೊತ್ತು, ಮನಸಾರೆ, ನಾಚಿಕೆಪಟ್ಟ. ಅದು ಮುಗಿದ ಮೇಲೆ ಮನೆಗೆ ಹೋಗಿ ಜಮಖಾನೆ ಝಾಡಿಸಿಟ್ಟ. ಗೋದಾ ಸಭೆಗೆ ಬರಲಿಲ್ಲ. ಆಸ್ಪತ್ರೆಗೆ ಅವಳೇ ಬೇಕಾಗಿತ್ತು.

ಸಭೆಯಲ್ಲಿ ಅಧ್ಯಕ್ಷರು ಠರಾವು ಓದಿದರು: "ಉಷ್ಣ ಮಾರ್ಗವೆಂದರೆ ಸದರಿ ವಾಹನವು ಹಾದುಹೋಗುವ ಮಾರ್ಗ. ಹಾದುಹೋದ ನಂತರ ಆ ಜಾಗವು ಮೊದಲಿನಿಂದಲೂ ಉಷ್ಣ ಮಾರ್ಗವೇ ಆಗಿತ್ತೆಂದು ತಿಳಿಯತಕ್ಕದ್ದು. ಶ್ರೀಮತಿ ಯಂಕವ್ವನವರು ಮಂಚಸಮೇತರಾಗಿ ಸದರಿ ಮಾರ್ಗದಲ್ಲಿದ್ದು, ಸಂಘದ ಶಾಖಕ್ಕೂ ರೇಡಿಯೇಟರಿಗೂ ನಷ್ಟ ಉಂಟುಮಾಡಿರುತ್ತಾರೆ. ಮಾನವೀಯ ದೃಷ್ಟಿಯಿಂದ ದಂಡವನ್ನು ಮನ್ನಾ ಮಾಡಲಾಗಿದೆ."

ಎರಡನೇ ಮಹಡಿಯ ನೀಲಿಮಾ ಎಂಬ ಶಿಕ್ಷಕಿ ಕೈಯೆತ್ತಿ, ತುಳಸಿಕಟ್ಟೆ ಹಳದಿ ಗೆರೆಯಿಂದ ಬಹಳ ದೂರವಿದೆಯಲ್ಲ ಎಂದು ಕೇಳಿದಳು. ಗೆರೆ ತಪ್ಪಾಗಿ ಎಳೆಯಲಾಗಿತ್ತು, ಬಣ್ಣದವನಿಗೆ ತಿಳುವಳಿಕೆ ಪತ್ರ ಕೊಡಲಾಗಿದೆ ಎಂದು ಅಮರ ಉತ್ತರಿಸಿದ. ನೀಲಿಮಾ ಸಮಾಧಾನಪಟ್ಟು ಕೂತಳು.

ಎಲ್ಲರೂ ಹರಿಶ್ಚಂದ್ರನ ಕಡೆ ನೋಡಿದರು. ಅವನು ಎದ್ದ. ಒಂದು ಗುಟುಕು ನೀರು ಕುಡಿದು, "ಅನುಮೋದಿಸುತ್ತೇನೆ" ಎಂದ.

ಎರಡನೇ ಠರಾವಿಗೆ ಎರಡು ನಿಮಿಷವೂ ಹಿಡಿಯಲಿಲ್ಲ. ಹರಿಶ್ಚಂದ್ರ ಪೂರ್ಣ ಸದಸ್ಯನಾದ. ಚಪ್ಪಾಳೆ ತಟ್ಟಿದರು. ಯಂಕವ್ವ ಗುಣವಾಗಿ ಬರುವವರೆಗೆ ಅವಳ ಪಾಲಿನ ಸ್ನಾನವನ್ನು ಮಗನೇ ಮಾಡಬಹುದೆಂದು ವಿಶೇಷ ರಿಯಾಯಿತಿಯನ್ನೂ ನೀಡಲಾಯಿತು.

ಅವನು ಪೇಢೆಯ ಪೊಟ್ಟಣ ಹಿಡಿದು ಆಸ್ಪತ್ರೆಗೆ ಹೋದ. ಯಂಕವ್ವ ಎಚ್ಚರವಾಗಿದ್ದಳು.

"ಏನಂತ ಬರದ್ರೋ ಸಭಾದಾಗ?"

"ನೀ ದಾರ್ಯಾಗ ಕೂತಿದ್ದಿ ಅಂತ ಬರದಾರವ್ವಾ."

"ನಾ ತುಳಸಿಕಟ್ಟಿ ಹಿಂದ ಕೂತಿದ್ನಲ್ಲೋ. ನೀ ಕಿಡಕ್ಯಾಗ ನಿಂತಿದ್ದಿ. ನೋಡಿದ್ದಿಲ್ಲೇನು?"

"ನೋಡೀನಿ."

"ಮತ್ತ?"

"ತುಳಸಿಕಟ್ಟೀನೂ ದಾರ್ಯಾಗ ಬರ್ತದ ಅಂತ ಆತವ್ವಾ."

ಯಂಕವ್ವ ಗೋಡೆಯ ಕಡೆ ತಲೆ ಹೊರಳಿಸಿದಳು.

"ಹಂಗಾರ ಅದನ್ನೂ ಕಿತ್ತು ಒಗೀರಿ. ದೇವರನ್ನ ಮತ್ಯಾಕ ದಾರ್ಯಾಗ ಇಟ್ಟೀರಿ" ಎಂದಳು.

ಪೇಢೆ ಮುಟ್ಟಲಿಲ್ಲ. ಹರಿಶ್ಚಂದ್ರ ಅದನ್ನು ಸ್ಟೂಲಿನ ಮೇಲಿಟ್ಟು, ತಾಯಿ ಹೇಳಿದ್ದರಲ್ಲಿ ಅರ್ಥವಿದೆಯಲ್ಲ ಎಂದು ಯೋಚಿಸುತ್ತ ಬಸ್ಸು ಹತ್ತಿದ.

ಮುಂದಿನ ಸಭೆಯಲ್ಲಿ ಅವನು ಎದ್ದು ನಿಂತು "ನಾನು ಸೂಚಿಸುತ್ತೇನೆ" ಎಂದ. ಉಷ್ಣ ಮಾರ್ಗಕ್ಕೆ ಅಡ್ಡಿಯಾಗಿರುವ ತುಳಸಿಕಟ್ಟೆಯನ್ನು ತೆರವುಗೊಳಿಸುವ ಠರಾವು ಅದು. ಅಧ್ಯಕ್ಷ ಮೋಹನದಾಸರು ಸ್ವತಃ ಅನುಮೋದಿಸಿದರು. ವಿರೋಧವಿರಲಿಲ್ಲ. ಅಷ್ಟರಲ್ಲಿ ಹೊಸ ರೇಡಿಯೇಟರ್ ಹಾಕಿಸಿಕೊಂಡ ಕಾರಿಗಾಗಿ ಭೋಂಗಾ ಕೂಗಿದ್ದರಿಂದ ಸಭೆಯನ್ನು ಅಲ್ಲಿಗೇ ಮುಗಿಸಿ ಎಲ್ಲರೂ ಸ್ನಾನಕ್ಕೆ ಹೋದರು.